ಟೈಮ್‌ಟೇಬಲ್ ಟೀಚರ್ ಹೆಚ್ಚುವರಿಯಾದದ್ದು

ಮಕ್ಕಳು ಏನು ಕಲಿಯಬೇಕು ಎಂಬುದನ್ನು ರಾಜಧಾನಿಯಲ್ಲಿ ಕೂತವರು ನಿರ್ಧರಿಸುತ್ತಾರೆ. ಅದನ್ನು ಯಾವ ಪುಸ್ತಕದಿಂದ ಕಲಿಯಬೇಕು ಎಂಬುದು ಪ್ರಾಂತ್ಯದವರ ಪಾಲು. ಯಾವ ಶಾಲೆಗೆ ಎಷ್ಟು ಮಂದಿ ಮೇಷ್ಟ್ರು ಎಂದು ಜಿಲ್ಲೆಯ ಕಚೇರಿ ಹೇಳುತ್ತದೆ, ಹೇಳಿದಷ್ಟು ಮಂದಿ ಇದ್ದಾರೋ ಇಲ್ಲವೋ ಎಂದು ಅದರ ಕೆಳಗಿನ ಕಚೇರಿ ತಲೆ ಎಣಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಶಾಲೆಗೆ ಉಳಿಯುವ ಸ್ವಾತಂತ್ರ್ಯ ಒಂದೇ: ಸೋಮವಾರ ಎರಡನೇ ಪೀರಿಯಡ್‌ಗೆ ಏಳನೇ ಕ್ಲಾಸಿಗೆ ಯಾರು ಹೋಗಬೇಕು ಎಂಬುದು. ನಮ್ಮ ಟೀಚರ್ ಆ ಒಂದು ಸ್ವಾತಂತ್ರ್ಯದ ಒಡತಿ.

ಪಾಠ ಹೇಳುತ್ತಿದ್ದದ್ದು ಗಣಿತ. ಆದರೆ ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಟೈಮ್‌ಟೇಬಲ್ ಟೀಚರ್ ಎಂದೇ. ಆರರಿಂದ ಹತ್ತನೇ ಕ್ಲಾಸಿನವರೆಗಿದ್ದ ಆ ಶಾಲೆಗೆ ಅವರು ಸೇರಿದ ವರ್ಷ ಆಗಿನ ಹೆಡ್ಮಾಸ್ಟರು, 'ನಿಮಗೆ ಲೆಕ್ಕ ಬರುತ್ತಲ್ಲ' ಎಂದು ಆ ಕೆಲಸವನ್ನು ಹೊರಿಸಿದ್ದರು. ಹೊರಿಸಿದವರು ರಿಟೈರಾಗಿ ಹೋದರು, ಹೊರೆ ಮಾತ್ರ ಇಳಿಯಲಿಲ್ಲ.

ಟೀಚರ ಗಂಡ ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ. ಪ್ರತಿ ವರ್ಷ ರಜದ ಕೊನೆಯ ವಾರ ಟೀಚರ್ ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ವಶಪಡಿಸಿಕೊಂಡು, ಗುರುತು ಹಾಕುವ ಸೀಮೆಸುಣ್ಣದಲ್ಲಿ ಪೀರಿಯಡ್ಡಿಗೊಂದರಂತೆ ಚೌಕದ ಮನೆಗಳನ್ನು ಬರೆದು, ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಬಣ್ಣದ ಗುಂಡಿ ಇಡುತ್ತಾ ಹೋಗುವರು. ಕೋಟಿನ ದಪ್ಪ ಗುಂಡಿ ಹೆಡ್ಮಾಸ್ಟರು. ಗಿರಾಕಿಗಳು ಬಂದರೆ ಗಂಡ, "ನಾಡಿದ್ದು ಬನ್ನಿ, ಮೇಜಿನ ಮೇಲೆ ಶಾಲೆ ನಡೀತಿದೆ" ಎಂದು ಸಾಗಹಾಕುವರು. ಸೊಸೆ ಇಷ್ಟು ವಯಸ್ಸಾದ ಮೇಲೂ ಗುಂಡಿ ಆಟ ಆಡುತ್ತಾಳೆ ಎಂಬುದು ಅತ್ತೆಯ ದೂರು.

ಆ ವಾರದಲ್ಲಿ ಟೀಚರಿಗೆ ಸಿಗುತ್ತಿದ್ದ ಮರ್ಯಾದೆ ಮಂತ್ರಿಗೂ ಸಿಗಲಿಕ್ಕಿಲ್ಲ. ವಿಜ್ಞಾನದವರಿಗೆ ಕೊನೆಯ ಪೀರಿಯಡ್ ಬೇಡ. ಭಾಷೆಯ ಮೇಷ್ಟ್ರಿಗೆ ಊಟದ ನಂತರದ್ದು ಬೇಡ, ಏಕೆಂದರೆ ಮಕ್ಕಳಿಗಿಂತ ಮೊದಲು ಅವರೇ ತೂಕಡಿಸುತ್ತಿದ್ದರು. "ಬಡಿಸೋರು ನಮ್ಮೋರಾದ್ರೆ ಎಲ್ಲಿ ಕೂತರೇನು" ಎಂದು ಎಲ್ಲರೂ ಬೆಣ್ಣೆ ಹಚ್ಚುವರು. ಎಲ್ಲರ ಗುಂಡಿ ಇಟ್ಟಾದ ಮೇಲೆ ಉಳಿದ ತೂತುಗಳಿಗೆ ಟೀಚರ್ ತಮ್ಮ ಗುಂಡಿ ಇಡುವುದು ವಾಡಿಕೆ. ಅದನ್ನು ದೊಡ್ಡ ಗುಣ ಎಂದು ಯಾರೂ ಭಾವಿಸಬೇಕಿಲ್ಲ. ಅಭ್ಯಾಸ, ಅಷ್ಟೆ, ಒಳಗೊಳಗೆ ಒಂದಿಷ್ಟು ಜಂಬವೂ ಇತ್ತು.

ಆ ವರ್ಷ ರಾಜಧಾನಿಯಿಂದ ಹೊಸ ಪಠ್ಯಕ್ರಮ ಬಂತು. ಡ್ರಾಯಿಂಗ್ ಪೀರಿಯಡ್‌ಗಳನ್ನು ಅರ್ಧಕ್ಕೆ ಇಳಿಸಿ ಕಂಪ್ಯೂಟರಿಗೆ ಕೊಟ್ಟಿದ್ದರು. ಶಾಲೆಗೆ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ, ಅದರ ಪೀರಿಯಡ್ ಮಾತ್ರ ಬಂದಿತ್ತು. ಮರುದಿನವೇ ಡ್ರಾಯಿಂಗ್ ಮೇಷ್ಟ್ರು ಪ್ಯಾಂಟು ಗಿಡ್ಡ ಮಾಡಿಸುವ ನೆಪದಲ್ಲಿ ಅಂಗಡಿಯ ಬಾಗಿಲಿಗೆ ಬಂದು ನಿಂತರು. ಪ್ಯಾಂಟು ಮೊದಲೇ ಗಿಡ್ಡವಾಗಿತ್ತು. ಅವರ ಹೆಂಡತಿ ನರ್ಸು. ವರ್ಷಗಟ್ಟಲೆ ಗಂಡನೊಂದು ಊರು, ಹೆಂಡತಿಯೊಂದು ಊರು ಎಂದು ಕಳೆದು, ಹೋದ ವರ್ಷವಷ್ಟೇ ಇಬ್ಬರೂ ಒಂದೇ ಸೂರಿನ ಕೆಳಗೆ ಬಂದಿದ್ದರು. ಮಗಳು ಆಗತಾನೇ ಅಪ್ಪನನ್ನು ಗುರುತು ಹಿಡಿಯತೊಡಗಿದ್ದಳು. ಪೀರಿಯಡ್ ಕಡಿಮೆಯಾದರೆ ಎತ್ತಂಗಡಿ ಎಂಬುದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಒಂಬತ್ತು, ಹತ್ತನೇ ಕ್ಲಾಸಿಗೆ ಆಯಾ ವಿಷಯದ ಪದವಿ ಇದ್ದವರೇ ಪಾಠ ಮಾಡಬೇಕು. ಎಂಟರವರೆಗಾದರೆ, ತರಬೇತಿ ಆದ ಯಾವ ಮೇಷ್ಟ್ರು ಯಾವ ವಿಷಯ ಹೇಳಿದರೂ ನಡೆಯುತ್ತದೆ. ಟೀಚರ್ ತಮ್ಮ ಕೈಯಲ್ಲಿದ್ದ ಆರು ಮತ್ತು ಏಳನೇ ಕ್ಲಾಸಿನ ಗಣಿತವನ್ನು ಎತ್ತಿ ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಟುಬಿಟ್ಟರು.

"ಟೀಚರ್, ಭಿನ್ನರಾಶಿ ಅಂದ್ರೆ ನನಗೆ ಈಗಲೂ ಕೈಕಾಲು ನಡುಗುತ್ತೆ" ಎಂದರು ಮೇಷ್ಟ್ರು.

"ಗೆರೆ ಎಳೆಯೋಕೆ ಬರುತ್ತಲ್ಲ, ಉಳಿದದ್ದು ತಾನಾಗೇ ಬರುತ್ತೆ" ಎಂದರು ಟೀಚರ್.

ಶಾಲೆ ಶುರುವಾಗಿ ತಿಂಗಳಾದ ಮೇಲೆ ಜಿಲ್ಲೆಯಿಂದ ಆದೇಶ ಬಂತು. ಮಕ್ಕಳ ಸಂಖ್ಯೆ ಇಳಿದಿರುವುದರಿಂದ ಈ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಹೆಚ್ಚುವರಿ. ಯಾರಿಗೆ ಪೀರಿಯಡ್ ಎಲ್ಲರಿಗಿಂತ ಕಡಿಮೆಯೋ ಅವರು ಮೇಷ್ಟ್ರಿಲ್ಲದ ಶಾಲೆಗೆ ಹೋಗಬೇಕು. ಹೆಡ್ಮಾಸ್ಟರು ಕೂಡಿದರು, ಕಳೆದರು, ಕನ್ನಡಕ ಒರೆಸಿಕೊಂಡು ಮತ್ತೆ ಕೂಡಿದರು. ಎಲ್ಲರಿಗಿಂತ ಕಡಿಮೆ ಇದ್ದದ್ದು ಟೈಮ್‌ಟೇಬಲ್ ಟೀಚರಿಗೆ.

"ಊರಿಗೆಲ್ಲ ಬಡಿಸಿ ನೀವೇ ಉಪವಾಸ ಕೂತಿದ್ದೀರಲ್ಲಮ್ಮ" ಎಂದರು ಅವರು. "ಶುಕ್ರವಾರದವರೆಗೆ ಸಮಯ ಇದೆ. ಆರು, ಏಳು ವಾಪಸ್ ತಗೊಳ್ಳಿ. ಡ್ರಾಯಿಂಗ್‌ನೋರು ಹೋಗ್ತಾರೆ. ಪಾಪ ಅನ್ಸುತ್ತೆ, ಏನ್ ಮಾಡೋದು."

ಹೋಗಬೇಕಾದ ಶಾಲೆ ಎರಡು ಬಸ್ಸುಗಳಾಚೆ ಇತ್ತು. ಬೆಳಕು ಹರಿಯುವ ಮುಂಚೆ ಹೊರಡಬೇಕು, ಕತ್ತಲಾದ ಮೇಲೆ ಮನೆ. ಅತ್ತೆಗೆ ಕಣ್ಣು ಮಂಜಾಗಿತ್ತು. ಮಧ್ಯಾಹ್ನ ಟೀಚರ್ ಓಡಿ ಬಂದು ಊಟಕ್ಕಿಟ್ಟು ಹೋಗದಿದ್ದರೆ ಆಗುತ್ತಿರಲಿಲ್ಲ. "ತನಗೆ ಮಿಕ್ಕಿದ್ರೆ ಪರರಿಗೆ ಧರ್ಮ ಅಂತ ಹಿರಿಯರು ಸುಮ್ನೆ ಹೇಳಿದ್ರಾ?" ಎಂದರು ಅತ್ತೆ. ಗಂಡ ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದರಿಂದ ಅಭಿಪ್ರಾಯ ಹೇಳಲಿಲ್ಲ. ಅಂಥ ಹೊತ್ತಿನಲ್ಲಿ ಅವರ ಬಾಯಲ್ಲಿ ಯಾವಾಗಲೂ ಸೂಜಿ ಇರುತ್ತಿತ್ತು.

ಟೀಚರಿಗೆ ಸಿಟ್ಟು ಬಂತು. ಆದೇಶದ ಮೇಲೆ, ಡ್ರಾಯಿಂಗ್ ಮೇಷ್ಟ್ರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಮೇಲೆ. "ನನ್ನ ಕ್ಲಾಸು ನಾನು ತಗೊಳ್ತೀನಿ. ಕದ್ದಿದ್ದೇನಲ್ಲವಲ್ಲ" ಎಂದು ಗೋಡೆಗೆ ಹೇಳಿದರು. ಅದು ನ್ಯಾಯದ ಮಾತೇ ಆಗಿತ್ತು.

ಮರುದಿನ ಡ್ರಾಯಿಂಗ್ ಮೇಷ್ಟ್ರಿಗೆ ತಾವೇ ಹೇಳಿಬಿಡೋಣವೆಂದು ಏಳನೇ ಕ್ಲಾಸಿನ ಕಡೆ ನಡೆದರು. ದೂರದಿಂದಲೇ ಗಲಾಟೆ ಕೇಳಿಸಿತು. ಟೀಚರ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಆ ಹೆಮ್ಮೆ ಅವರಿಗೆ ಮೊದಲ ದಿನದಿಂದಲೂ ಇತ್ತು. 'ಮೇಷ್ಟ್ರ ಕೈಲಿ ಹಿಡಿತವಿಲ್ಲ' ಎಂದುಕೊಳ್ಳುತ್ತಾ, ಹಾಗೆ ಅಂದುಕೊಂಡದ್ದಕ್ಕೆ ಒಳಗೇ ಸಮಾಧಾನಪಡುತ್ತಾ ಬಾಗಿಲ ಮರೆಯಲ್ಲಿ ನಿಂತರು.

ಮೇಷ್ಟ್ರು ಹಲಗೆಯ ಮೇಲೆ ಉದ್ದುದ್ದ ಪಟ್ಟಿಗಳನ್ನು ಎಳೆದು, ಅರ್ಧ, ಕಾಲು, ಮೂರನೇ ಒಂದು ಎಂದು ಬಣ್ಣ ಬಣ್ಣದ ಸೀಮೆಸುಣ್ಣ ತುಂಬಿದ್ದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನನಗೆ ಅರ್ಥ ಆಗ್ಲಿಲ್ಲ" ಎಂದಳು.

"ಎಲ್ಲಿಂದ ಅರ್ಥ ಆಗ್ಲಿಲ್ಲ?"

"ಮೊದಲಿಂದ ಸರ್. ಹೋದ ವರ್ಷದಿಂದ."

ಕ್ಲಾಸೆಲ್ಲ ನಕ್ಕಿತು, ಹುಡುಗಿಯೂ ನಕ್ಕಳು. "ಸರಿ, ಹೋದ ವರ್ಷಕ್ಕೇ ಹೋಗೋಣ. ನನಗೂ ಆ ಕಡೆ ಸ್ವಲ್ಪ ಕೆಲಸ ಇದೆ" ಎಂದು ಮೇಷ್ಟ್ರು ಹಲಗೆ ಒರೆಸಿದರು.

ಹೋದ ವರ್ಷ ಆ ಹುಡುಗಿ ಆರನೇ ಕ್ಲಾಸಿನಲ್ಲಿ ಟೀಚರ ಕೈಯಲ್ಲೇ ಇದ್ದಳು. ವರ್ಷವಿಡೀ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಒಳ್ಳೆ ಮಗು, ತೊಂದರೆ ಇಲ್ಲ ಎಂದು ಟೀಚರ್ ಅವಳ ಬಗ್ಗೆ ಅಂದುಕೊಂಡಿದ್ದರು. ಅವರಿಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ. ಒಳಗೆ ಹೋಗದೆ ಹಿಂದಿರುಗಿದರು.

ಶುಕ್ರವಾರ ಹೆಡ್ಮಾಸ್ಟರಿಗೆ, "ಟೈಮ್‌ಟೇಬಲ್ ಇದ್ದ ಹಾಗೇ ಇರಲಿ, ನಾನೇ ಹೋಗ್ತೀನಿ. ನನ್ನ ಮೇಲಿನ ಕ್ಲಾಸುಗಳನ್ನ ವಿಜ್ಞಾನದೋರು ತಗೊಳ್ಳಲಿ, ಅವರಿಗೂ ಗಣಿತದ ಪದವಿ ಇದೆ" ಎಂದರು. ಮಧ್ಯಾಹ್ನ ಅತ್ತೆಯನ್ನು ನೋಡಿಕೊಳ್ಳಲು ಗಂಡ ಅಂಗಡಿ ಮುಚ್ಚಿ ಮೇಲೆ ಹೋಗಬೇಕೆಂದು ಅದೇ ಸಂಜೆ ತೀರ್ಮಾನವಾಯಿತು. ಗಂಡ ಸೂಜಿ ತೆಗೆದಿಟ್ಟು, "ಆಯ್ತು" ಎಂದರು.

ಬೀಳ್ಕೊಡುವ ದಿನ ಸ್ಟಾಫ್ ರೂಮಿನಲ್ಲಿ ಭಾಷೆಯ ಮೇಷ್ಟ್ರು ಎದ್ದು, ನಮ್ಮ ಟೀಚರ್ ತ್ಯಾಗದ ಮೂರ್ತಿ, ಇನ್ನೊಬ್ಬರ ಸಂಸಾರಕ್ಕಾಗಿ ತಮ್ಮ ಸುಖ ಬಿಟ್ಟವರು ಎಂದು ಭಾಷಣ ಶುರುಮಾಡಿದರು. ಡ್ರಾಯಿಂಗ್ ಮೇಷ್ಟ್ರು ತಲೆ ತಗ್ಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಟೀಚರ್ ಭಾಷಣವನ್ನು ನಡುವೆಯೇ ತಡೆದರು.

"ತ್ಯಾಗ ಗೀಗ ಏನಿಲ್ಲ, ಕೂತ್ಕೊಳ್ಳಿ. ನಾನು ಕ್ಲಾಸು ವಾಪಸ್ ತಗೊಳ್ಳೋಕೇ ಹೋಗಿದ್ದೆ. ತಗೊಂಡಿದ್ರೆ ಆ ಮಕ್ಕಳು ಮಾರನೇ ದಿನದಿಂದ ಮತ್ತೆ ಬಾಯಿ ಮುಚ್ಕೊಂಡು ಕೂರ್ತಿದ್ವು. ಅದನ್ನ ನೋಡೋ ಧೈರ್ಯ ನನಗೆ ಇರ್ಲಿಲ್ಲ."