ಮಿಸೆಸ್ ಪೆಲ್ಕಿ ಸೇತುವೆಯ ವಿರುದ್ಧ ಓಟು ಹಾಕಿದ್ದು

ನಮ್ಮ ರಾಜ್ಯದ ಶಾಸನಸಭೆಯಲ್ಲಿ ಮೂವತ್ನಾಲ್ಕು ವರ್ಷಗಳಿಂದ, ಕಲಾಪ ಇರುವ ದಿನ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ, ಮಿಸೆಸ್ ಆರ್ಡಿಸ್ ಪೆಲ್ಕಿ ಬೇಯಿಸಿದ ಮೊಟ್ಟೆಯೊಂದನ್ನು ಕುರ್ಚಿಯ ಕೈಗೆ ಕುಟ್ಟಿ ಒಡೆಯುತ್ತಾರೆ. ಆ ‘ಟಕ್’ ಕೇಳಿ ಇಬ್ಬರು ಗವರ್ನರುಗಳು ಭಾಷಣ ಮರೆತು ನೀರು ಕೇಳಿದ್ದಾರೆ. ತೆರಿಗೆ ಮಸೂದೆಯೊಂದು ಆ ಸದ್ದಿಗೇ ಎದೆಯೊಡೆದು ಸತ್ತಿತಂತೆ. ಸ್ಪೀಕರ್ ಕೈಯ ಮರದ ಸುತ್ತಿಗೆ ಅವರ ಮೊಟ್ಟೆಯಿಂದಲೇ ಪಾಠ ಕಲಿತದ್ದು ಎನ್ನುವವರು ನಮ್ಮೂರಿನಲ್ಲಿ ಈಗಲೂ ಇದ್ದಾರೆ. ಇಷ್ಟು ವರ್ಷದಲ್ಲಿ ಸಿಪ್ಪೆಯ ಒಂದು ಚೂರೂ ಸಭೆಯ ಕೆಂಪು ಜಮಖಾನೆಯ ಮೇಲೆ ಬಿದ್ದಿಲ್ಲ. ಇದನ್ನು ಮಾತ್ರ ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಏಕೆಂದರೆ ಆ ಸಿಪ್ಪೆಗಳು ಪೊಟ್ಟಣದಲ್ಲಿ ಮಡಚಿಕೊಂಡು ಶನಿವಾರ ನನ್ನ ಬಳಿಗೇ ಬರುತ್ತವೆ. ಕಿಲ್‌ಬರ್ನ್ ಮಿಲ್ಸ್ ಊರಿನ ಕಸದಂಗಳ ನೋಡಿಕೊಳ್ಳುವವನು ನಾನು.

ಕಾಗದದ ಕಾರ್ಖಾನೆಯ ಕೂಲಿಯವನ ಮಗಳು ಆಕೆ. ಇಪ್ಪತ್ತೆರಡಕ್ಕೆ ಶಾಲೆಯ ಹಳದಿ ಬಸ್ಸು ಓಡಿಸಲು ಹತ್ತಿದವರು ಇನ್ನೂ ಇಳಿದಿಲ್ಲ. ನಾನೂ ಆ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬೈಸಿಕೊಂಡವನೇ. ಮೂವತ್ತಾರನೆಯ ವಯಸ್ಸಿನಲ್ಲಿ, ಬೇರೆ ಯಾರೂ ಮುಂದೆ ಬರಲಿಲ್ಲವೆಂದು ಚುನಾವಣೆಗೆ ನಿಂತರು. ನಾನೂರು ಜನರ ಸಭೆ, ವರ್ಷಕ್ಕೆ ನೂರು ಡಾಲರ್ ಸಂಬಳ. ಆ ಸಂಬಳಕ್ಕೆ ಆಸೆಪಟ್ಟು ಬರುವವರು ಹುಚ್ಚರು ಅಥವಾ ಹಟಮಾರಿಗಳು. ಆಕೆ ಹುಚ್ಚರಲ್ಲ.

ಅವರ ಕಚೇರಿ ನನ್ನ ಕಸದಂಗಳ. ಪ್ರತಿ ಶನಿವಾರ ಬೆಳಿಗ್ಗೆ ಗಾಜಿನ ಬಾಟಲಿಗಳ ತೊಟ್ಟಿಯ ಪಕ್ಕ ಮಡಚುವ ಮೇಜು ಹಾಕಿ, ಒಂದು ಡಬ್ಬಿ ಡೋನಟ್ ಇಟ್ಟುಕೊಂಡು ಕೂರುತ್ತಾರೆ. ಊರಿನವರೆಲ್ಲ ಕಸ ಹಾಕಲು ಬಂದೇ ಬರಬೇಕಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ದೂರು. ಆಸ್ಪತ್ರೆಯ ರಸ್ತೆಯ ಹಿಮವನ್ನು ಮೊದಲು ಬಳಿದು ತೆಗೆಯಬೇಕೆಂಬ ಕಾನೂನು ಆ ಮೇಜಿನ ಮೇಲೇ ಹುಟ್ಟಿದ್ದು. ಹುಟ್ಟಿದವಕ್ಕಿಂತ ಸತ್ತವು ಹೆಚ್ಚು, ಅದು ಬೇರೆ ಮಾತು.

ಈಗ ಸೇತುವೆಯ ಕಥೆ. ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಊರು ಹೊಳೆಯ ಈಚೆ, ಆಸ್ಪತ್ರೆ ಆಚೆ. ಎರಡು ವರ್ಷದ ಹಿಂದೆ ಯಾರೋ ಅಧಿಕಾರಿ ಬಂದು ಸೇತುವೆಯ ಕಂಬ ತಟ್ಟಿ ನೋಡಿ, ಎರಡೂ ಬದಿಗೆ ಸಿಮೆಂಟಿನ ದಿಂಡು ಅಡ್ಡ ಇಡಿಸಿ ಹೋದ. ಅಂದಿನಿಂದ ಆಂಬುಲೆನ್ಸು ಮೂವತ್ತೊಂದು ಮೈಲಿ ಸುತ್ತಬೇಕು. ನಮ್ಮೂರಿನ ಲೂಶಿಯನ್ ಬೆರೂಬೆ ಆ ದಾರಿಯ ಹತ್ತೊಂಬತ್ತನೆಯ ಮೈಲಿಯಲ್ಲಿ ಸತ್ತ. ಅವನ ಹೆಂಡತಿ ಕ್ಲೋಡೆಟ್ ಜೊತೆಯಲ್ಲೇ ಇದ್ದಳು. ಗಾಡಿಯ ಕಿಟಕಿಯಿಂದ ಒಂದು ತಿರುವಿನಲ್ಲಿ ಆಸ್ಪತ್ರೆಯ ದೀಪ ಕಾಣುತ್ತದೆ, ಹೊಳೆಯಾಚೆ. ಆಕೆ ಅದನ್ನು ನೋಡುತ್ತಲೇ ಇದ್ದಳಂತೆ.

ಸೇತುವೆಗೆ ಹಣ ಕೊಡುವ ಮಸೂದೆಯನ್ನು ಮೇಲ್ಮನೆ ಒಪ್ಪಿತ್ತು. ಕೆಳಮನೆಯಲ್ಲಿ ಹಣಕಾಸು ಸಮಿತಿಯ ಅಧ್ಯಕ್ಷ, ದಕ್ಷಿಣದ ಪಟ್ಟಣದ ವಾಡ್ಲಿ ಎಂಬ ಮಹಾಶಯ ಎದ್ದುನಿಂತು, “ಸಾವಿರದ ನೂರು ಜನಕ್ಕೆ ಒಂದು ಸೇತುವೆಯೇ?” ಎಂದು ಕೇಳಿದ. ಅವನ ಊರಿನಲ್ಲಿ ಗಾಲ್ಫ್ ಆಡುವವರಿಗೇ ಒಂದು ಸೇತುವೆ ಇದೆ! ಮಿಸೆಸ್ ಪೆಲ್ಕಿ ಎದ್ದು ಹತ್ತು ನಿಮಿಷ ಬೆಂಕಿ ಉಗುಳಿದರು. ಆಮೇಲೆ ಓಟು. ಕುರ್ಚಿಯ ಗುಂಡಿ ಒತ್ತಿದರೆ ಗೋಡೆಯ ಹಲಗೆಯ ಮೇಲೆ ಹೆಸರು ಬೆಳಗುತ್ತದೆ. ಮಸೂದೆ ಕೈಬಿಡಬೇಕೆಂದವರು ನೂರ ಎಂಬತ್ತಮೂರು, ಕೈಬಿಡಬಾರದೆಂದವರು ನೂರ ಎಪ್ಪತ್ತು. ಕೈಬಿಟ್ಟವರ ಪಟ್ಟಿ ನಮ್ಮ ವಾರಪತ್ರಿಕೆಯಲ್ಲಿ ಬಂತು. ಅದರಲ್ಲಿ ಪೆಲ್ಕಿ ಎಂಬ ಹೆಸರೂ ಇತ್ತು.

ಆ ಶನಿವಾರ ನನ್ನ ಕಸದಂಗಳ ರಣರಂಗವಾಯಿತು. ಕ್ಲೋಡೆಟ್ ಗಾಡಿಯ ಬಾಗಿಲು ಮುಚ್ಚದೆ ಬಂದು ಪತ್ರಿಕೆಯನ್ನು ಡೋನಟ್ಟಿನ ಮೇಲೆ ಬಡಿದಳು.

“ಓದು. ನಿನ್ನ ಹೆಸರು ನೀನೇ ಓದು.”

“ಕನ್ನಡಕ ಬಸ್ಸಲ್ಲಿದೆ, ಕ್ಲೋಡೆಟ್.”

“ಲೂಶಿಯನ್ನ ಮಣ್ಣು ಮಾಡಿದ ದಿನ ನನ್ನ ಕೈ ಹಿಡ್ಕೊಂಡು ಏನಂದೆ?”

“ಸೇತುವೆ ಆಗತ್ತೆ ಅಂದೆ.”

“ಥೂ! ಅದೇ ಕೈಯಲ್ಲಿ ಗುಂಡಿ ಒತ್ತಿದೆಯಲ್ಲೇ!”

ಹಿಂದಿದ್ದ ಮುದುಕನೊಬ್ಬ ಕೂಗಿದ: “ವಾಡ್ಲಿ ಹೊಸ ಬಸ್ಸು ಕೊಡಿಸ್ತಾನಂತೇನು? ಏ.ಸಿ. ಇರೋದಾ?”

ನಾನೂ ಸುಮ್ಮನಿರಲಿಲ್ಲ. “ಮಿಸೆಸ್ ಪೆಲ್ಕಿ, ತುಕ್ಕು ಹಿಡಿದಿದ್ದಕ್ಕೆಲ್ಲ ಆ ಕಡೆ ಬೇರೆ ತೊಟ್ಟಿ ಇದೆ. ನಿಮ್ಮ ಮೇಜು ಅಲ್ಲಿಗೇ ಹಾಕ್ಕೊಡ್ಲಾ?”

ಜನ ನಕ್ಕರು. ಆ ನಗೆಯಲ್ಲಿ ಹಲ್ಲು ಕಡಿಯುವ ಸದ್ದೂ ಇತ್ತು. ಆಕೆ ಡೋನಟ್ಟಿನ ಡಬ್ಬಿ ಮುಚ್ಚಿ, ಮೇಜು ಮಡಚಿ, ಹೋಗುವ ಮುಂಚೆ ತಮ್ಮ ಹಸಿರು ಬಾಟಲಿ, ಬಿಳಿ ಬಾಟಲಿಗಳನ್ನು ಬೇರೆ ಬೇರೆ ಮಾಡಿ ಹಾಕಿದರು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. ಊರನ್ನು ಮಾರಿದವಳಿಗೆ ಬಾಟಲಿಯ ಬಣ್ಣದ ಚಿಂತೆ!

ಮುಂದಿನ ಬುಧವಾರ ಕಲಾಪದ ದಿನ. ಗ್ಯಾಲರಿಯಲ್ಲಿ ಕೂತು ಎಲ್ಲರೆದುರು ಆಕೆಯ ಮಾನ ಕಳೆಯಬೇಕೆಂದು ಕ್ಲೋಡೆಟ್ ಹೊರಟಳು. ನಾನೂ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಇಬ್ಬರೂ ಬೈಗುಳ ಪೋಣಿಸಿದೆವು. ರಾಜಧಾನಿ ತಲುಪುವಷ್ಟರಲ್ಲಿ ಒಳ್ಳೆಯ ಹಾರವೇ ಆಗಿತ್ತು.

ಎರಡು ಗಂಟೆಗೆ ಹಿಮ ಬೀಳತೊಡಗಿತು. ಮೂರಕ್ಕೆ ಕಿಟಕಿಯಾಚೆ ಏನೂ ಕಾಣದಾಯಿತು. ಹಿಮ ಕಂಡರೆ ದಕ್ಷಿಣದವರಿಗೆ ಜೀವ ಬಾಯಿಗೆ ಬರುತ್ತದೆ. ಒಬ್ಬೊಬ್ಬರೇ ಕೋಟು ಎತ್ತಿಕೊಂಡು ಜಾರಿದರು. ವಾಡ್ಲಿ ಎಲ್ಲರಿಗಿಂತ ಮೊದಲು ಹೋದ, ಅವನ ಕಾರು ಹೊಸದು. ನಮ್ಮ ಉತ್ತರದವರು ಅಲುಗಲಿಲ್ಲ. ಅವರಿಗೆ ಅದು ಹಿಮವೇ ಅಲ್ಲ. ಮಿಸೆಸ್ ಪೆಲ್ಕಿ ಖಾಲಿ ಕುರ್ಚಿಗಳನ್ನು ಬಸ್ಸಿನ ಮಕ್ಕಳನ್ನು ಎಣಿಸುವ ಹಾಗೆ ಬೆರಳಿನಲ್ಲಿ ಎಣಿಸಿ ಎದ್ದುನಿಂತರು.

“ಈಗ ಕೂಗಲಾ?” ಎಂದಳು ಕ್ಲೋಡೆಟ್.

“ತಾಳು, ಬಾಯಿ ತೆರೀಲಿ. ಆಮೇಲೆ.”

“ಸ್ಪೀಕರ್ ಅವರೇ,” ಎಂದರು ಮಿಸೆಸ್ ಪೆಲ್ಕಿ, “ಹೋದ ವಾರ ಕೈಬಿಟ್ಟ ಕಿಲ್‌ಬರ್ನ್ ಸೇತುವೆ ಮಸೂದೇನ ಸಭೆ ಇನ್ನೊಂದ್ಸಲ ನೋಡ್ಬೇಕು ಅಂತ ಕೇಳ್ತೀನಿ.”

“ನೀವು ಗೆದ್ದ ಕಡೆ ಓಟು ಹಾಕಿದ್ರಾ?”

“ಹಾಕಿದೀನಿ. ಪೇಪರಲ್ಲೂ ಬಂದಿದೆ.”

ನಮಗೆ ತಲೆಬುಡ ತಿಳಿಯಲಿಲ್ಲ. ಬಾಗಿಲಲ್ಲಿದ್ದ ಮುದಿ ಕಾವಲುಗಾರ ಬಗ್ಗಿ ಪಿಸುಗುಟ್ಟಿದ: “ಸೋತೋರು ಮತ್ತೆ ಕೇಳೋ ಹಾಗಿಲ್ಲ ರೀ, ಇಲ್ಲಿನ ನಿಯಮ ಅದು. ಗೆದ್ದೋರಲ್ಲೇ ಒಬ್ರು ಕೇಳ್ಬೇಕು, ಅದೂ ಮುಂದಿನ ಕಲಾಪದ ದಿನದೊಳಗೆ. ಸೋಲೋದು ಖಾತ್ರಿ ಆದಾಗ ಹಳಬರು ಬೇಕಂತಲೇ ಆ ಕಡೆ ಗುಂಡಿ ಒತ್ತಿಡ್ತಾರೆ.”

ಕ್ಲೋಡೆಟ್ಟಳ ಬಾಯಲ್ಲಿದ್ದ ಬೈಗುಳದ ಹಾರ ಅಲ್ಲೇ ಉಳಿಯಿತು. ಮತ್ತೆ ನೋಡಬೇಕೆಂದವರು ನೂರ ನಲವತ್ತೊಂದು, ಬೇಡವೆಂದವರು ನೂರ ಇಪ್ಪತ್ತೆಂಟು. ಅದರ ಹಿಂದೆಯೇ ಮಸೂದೆಯೂ ಪಾಸಾಯಿತು. ಕಲಾಪ ಮುಗಿಯಿತು. ವಾಡ್ಲಿ ಆಗ ಯಾವುದೋ ಹಳ್ಳದ ಬದಿಗೆ ಕಾರು ನಿಲ್ಲಿಸಿಕೊಂಡು ರೇಡಿಯೋದಲ್ಲಿ ಕೇಳಿದನಂತೆ. ಕೇಳಲಿ!

ಆದರೂ ನನ್ನ ಸಿಟ್ಟು ಇಳಿದಿಲ್ಲ. ಸಾಯುವವನೊಬ್ಬ ಹೊಳೆ ದಾಟಬೇಕಾದರೆ ಹಿಮ ಬೀಳಬೇಕು, ಹೇಡಿಗಳು ಓಡಬೇಕು, ಎಪ್ಪತ್ತು ವರ್ಷದ ಹೆಂಗಸು ಸ್ವಂತ ಊರಿನಿಂದ ಉಗುಳಿಸಿಕೊಳ್ಳಬೇಕು. ಇದಕ್ಕೆ ಆಡಳಿತ ಎಂದು ಹೆಸರು. ಆ ಉಗುಳಿನಲ್ಲಿ ನನ್ನದೂ ಇತ್ತಲ್ಲ ಎಂಬುದು ಇನ್ನೊಂದು ಉರಿ.

ಹೊರಗೆ ವಾಹನ ನಿಲ್ಲಿಸುವಲ್ಲಿ ಮಿಸೆಸ್ ಪೆಲ್ಕಿ ತಮ್ಮ ಹಳೆಯ ಗಾಡಿಯ ಗಾಜಿನಿಂದ ಹಿಮ ಕೆರೆಯುತ್ತಿದ್ದರು. ಕ್ಲೋಡೆಟ್ ಹೋಗಿ ಮುಂದೆ ನಿಂತಳು. ಅಳುತ್ತಿದ್ದಳೋ ಜಗಳಕ್ಕೆ ನಿಂತಿದ್ದಳೋ ಹೇಳಲಾರೆ.

“ಆರ್ಡಿಸ್, ಶನಿವಾರ ಅಷ್ಟು ಜನ ನಿನ್ನ ಹರಿದು ತಿಂದ್ವಿ. ಊರಿಗೋಸ್ಕರ ಅಂತ ಎಲ್ಲಾನೂ ನುಂಗ್ಕೊಂಡ್ಯಾ? ಒಂದು ಮಾತು ಹೇಳ್ಬಾರ್ದಿತ್ತಾ?”

ಮಿಸೆಸ್ ಪೆಲ್ಕಿ ಗಾಜಿನ ಇನ್ನೊಂದು ಬದಿಗೆ ಹೋದರು.

“ಯಾಕೆ ಒತ್ತಿದೆ ಅಂತ ಯಾರೂ ಕೇಳ್ಲಿಲ್ಲ,” ಎಂದರು. “ಎಲ್ಲಾ ಬೈದ್ರಿ.”