ಗುರುವಾರ ಹಾಕಿದ ಸಂಡಿಗೆ

“ನಮ್ಮ ಮನ್ಯಾಗ ಒಬ್ಬಾಂವ ಬಿ.ಎಸ್ಸಿ. ಆಗೂದಂದ್ರ ಹುಲಿ ಹುಲ್ಲು ತಿಂದಂಗ” ಎಂದವಳು ನನ್ನ ಸೋದರತ್ತೆ.

ಹಾಗನ್ನಲು ಅವಳಿಗೆ ಕಾರಣವಿತ್ತು. ನಮ್ಮ ವಂಶದಲ್ಲೇ ಹೆಚ್ಚು ಓದಿದವರು ಅಪ್ಪ. ಧಾರವಾಡದಲ್ಲಿ ಏಳನೆಯ ಇಯತ್ತೆ ಮುಗಿಸಿ ಪುಣೆಗೆ ಬಂದು, ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದವರು. ನಾನು ಬಿ.ಎಸ್ಸಿ.ಗೆ ಎರಡು ಸಲ ಡುಮ್ಕಿ ಹೊಡೆದೆ, ಮೂರನೆಯ ಸಲ ಪಾಸಾದೆ. ಮುಚ್ಚಿಡುವುದೇನಿದೆ? ಒಂದೇ ಸಲಕ್ಕೆ ಪಾಸಾದವರು ಆ ಪುಸ್ತಕಗಳನ್ನು ಮರೆತರು. ನಾನು ಈಗಲೂ ಮರೆತಿಲ್ಲ.

ಅತ್ತೆ ಮಾತ್ರ ಒಪ್ಪಲಿಲ್ಲ. “ಪಾಸಾಗೀನಿ ಅಂತ ಬಾಯಿಲೆ ಯಾರರೆ ಹೇಳತಾರ. ಕಾಗದ ಎಲ್ಲದ?”

ಕಾಗದ ಇನ್ನೂ ಬಂದಿರಲಿಲ್ಲ. ಹವಾಮಾನ ಕಚೇರಿಯಲ್ಲಿ ಕೆಲಸ ಮಾತ್ರ ಸಿಕ್ಕಿತ್ತು. ದಿನಾ ಸೈಕಲ್ ಹೊಡೆದು ಲಕಡಿ ಪೂಲು ಎಂಬ ಸೇತುವೆ ದಾಟಿ ಹೋಗಿ, ಊರೂರಿನಿಂದ ತಂತಿಯಲ್ಲಿ ಬರುವ ಮಳೆ, ಬಿಸಿಲಿನ ಅಂಕಿಗಳನ್ನು ರಿಜಿಸ್ಟರಿಗೆ ಇಳಿಸುತ್ತಿದ್ದೆ.

ಆ ವೈಶಾಖದಲ್ಲಿ ತಂಗಿಯ ಮದುವೆ ನಿಶ್ಚಯವಾಯಿತು. ಮದುವೆಗೆ ಸಂಡಿಗೆ ಆಗಬೇಕು. ಅಕ್ಕಿ ಮೂರು ದಿನ ನೆನೆಯಬೇಕು, ಆಮೇಲೆ ಒಂದಿಡೀ ದಿನ ಕಡು ಬಿಸಿಲು ಬೇಕು. ಪುಣೆಯ ಬೇಸಿಗೆಯೋ ಮಧ್ಯಾಹ್ನದವರೆಗೆ ಹೆಂಚು ಕಾಯಿಸಿ, ಸಂಜೆಗೆ ಗುಡುಗಿ ಸುರಿದುಬಿಡುವ ಜಾತಿಯದು.

“ಏನಪಾ ಶಾಣ್ಯಾ, ಬರೂ ವಾರ ಯಾವ ದಿನ ಮಳಿ ಇಲ್ಲ ಹೇಳು. ನಿನ್ನ ದಿನ ಖರೆ ಆದ್ರ ನೀ ಬಿ.ಎಸ್ಸಿ. ಅಂತ ಇಡೀ ವಾಡೆಕ್ಕ ನಾನ ಸಾರತೀನಿ” ಎಂದಳು ಅತ್ತೆ.

ಕಚೇರಿಯ ಹಿರಿಯ ಗುಮಾಸ್ತರನ್ನು ಕೇಳಿದೆ. ಅವರೂ ನಮ್ಮ ಕಡೆಯವರೇ. “ನಾಳಿನ ಮಾತ ನಾವು ಹೆದರಿ ಹೆದರಿ ಬರೀತೀವಿ. ಮುಂದಿನ ವಾರ ನಿಮ್ಮ ಮಾಳಿಗಿ ಮ್ಯಾಲ ಏನಾಗತದ ಅಂತ ಯಾರು ಹೇಳಬೇಕ್ರಿ?” ಎಂದು ನಕ್ಕರು.

ಆದರೆ ನಾನು ಬಿ.ಎಸ್ಸಿ. ಕಪಾಟಿನ ಹಳೆಯ ರಿಜಿಸ್ಟರುಗಳನ್ನು ಇಳಿಸಿ, ಬರುವ ವಾರದ ಒಂದೊಂದು ತಾರೀಖನ್ನೂ ವರ್ಷವರ್ಷ ತಿರುವಿ ನೋಡಿದೆ. ಗುರುವಾರದ ತಾರೀಖಿಗೆ ಎಲ್ಲ ವರ್ಷವೂ ಸೊನ್ನೆ! ಮಿಕ್ಕ ತಾರೀಖುಗಳಿಗೆ ಒಂದೆರಡು ವರ್ಷ ಮಳೆ, ಶುಕ್ರವಾರದ ತಾರೀಖಿಗಂತೂ ಹಲವು ವರ್ಷ. ಇಷ್ಟು ಸುಲಭದ ಕೆಲಸ ದೊಡ್ಡ ಸಾಹೇಬರಿಗೆ ಹೊಳೆಯಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಕನಿಕರಪಟ್ಟೆ.

“ಗುರುವಾರ ಹಾಕು ಅತ್ಯಾ. ಒಂದು ಹನಿ ಬೀಳಂಗಿಲ್ಲ.”

ಸುದ್ದಿ ವಾಡೆಯ ಎಲ್ಲ ಬಿಡಾರಗಳಿಗೂ ಹರಡಿತು. ಗುರುವಾರ ಬೆಳಗಾಗುವಷ್ಟರಲ್ಲಿ ಮಾಳಿಗೆಯ ಮೇಲೆ ಕಾಲಿಡಲು ಜಾಗವಿಲ್ಲ. ನಮ್ಮ ಸಂಡಿಗೆ, ಮೇಲಿನ ಮನೆಯ ಮರಾಠಿ ಹೆಂಗಸಿನ ಹಪ್ಪಳ, ಇನ್ನಾರದೋ ಶಾವಿಗೆ. ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ, ನನ್ನ ಬಿಸಿಲನ್ನು ನೋಡಲು ಮಾಳಿಗೆಯಲ್ಲೇ ನಿಂತಿದ್ದೆ.

ನಾಲ್ಕು ಗಂಟೆಗೆ ಧೂಳೆದ್ದಿತು. “ಬರೇ ಗಾಳಿ” ಎಂದೆ. ಗುಡುಗಿತು. “ಬರೇ ಸಪ್ಪಳ” ಎಂದೆ. ಮೂಗಿನ ಮೇಲೆ ದಪ್ಪ ಹನಿಯೊಂದು ಬಿತ್ತು. ಅದಕ್ಕೇನೂ ಅನ್ನಲಿಲ್ಲ.

“ಅಹೋ, ಪಾವೂಸ ಆಲಾ!” ಮಳೆ ಬಂತೆಂದು ಮರಾಠಿ ಹೆಂಗಸು ಚೀರಿದಳು. ಅಷ್ಟೂ ಹೆಂಗಸರು ಏಕಕಾಲಕ್ಕೆ ಮೆಟ್ಟಿಲೇರಿದರು, ಯಾರಿಗೂ ಇಳಿಯಲಾಗಲಿಲ್ಲ. ಅತ್ತೆ ಹಾಸಿಗೆಯನ್ನೇ ಹೊತ್ತು ತಂದು ಸಂಡಿಗೆಗೆ ಹೊದಿಸಿದಳು. ಸಂಡಿಗೆಯೂ ತೊಯ್ದಿತು, ಹಾಸಿಗೆಯೂ ತೊಯ್ದಿತು. ಉಳಿದದ್ದು ಕಾಗೆ ಹೆದರಲೆಂದು ಬಿಚ್ಚಿಟ್ಟಿದ್ದ ಕರಿ ಕೊಡೆಯ ಕೆಳಗಿನ ಒಂಬತ್ತು ಸಂಡಿಗೆ. ತೊಯ್ದು ಮತ್ತೆ ಹಿಟ್ಟಾದ ಸಂಡಿಗೆಯನ್ನು ಪಾತ್ರೆಗೆ ಬಳಿದು, ಎಣ್ಣೆ, ಖಾರ ಕಲಸಿ ವಾಡೆಯವರೆಲ್ಲ ಕೂತು ತಿಂದರು. ರುಚಿ ಚೆನ್ನಾಗಿತ್ತು. ನನಗೂ ಬಡಿಸಿದರು, ಆದರೆ ಯಾರೂ ಮಾತಾಡಿಸಲಿಲ್ಲ.

ಮರುದಿನ ಬೆಳಗ್ಗೆ ಎಂಟಕ್ಕೆ ಕಚೇರಿಯ ಅಂಗಳದಲ್ಲಿ ಮಳೆ ಅಳೆಯುವವ ನಿನ್ನೆಯ ನೀರನ್ನು ಅಳೆದ. ಅಂಕಿಯನ್ನು ಶುಕ್ರವಾರಕ್ಕೆ ಬರೆದ. ಇಲ್ಲಿಯ ಪದ್ಧತಿಯೇ ಅದು: ಹಿಂದಿನ ಸಂಜೆ ಬಿದ್ದ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಬರೆಯುತ್ತಾರೆ. ರಿಜಿಸ್ಟರಿನ ಶುಕ್ರವಾರದ ಮಳೆಯೆಲ್ಲ ಗುರುವಾರ ಸಂಜೆಯೇ ಸುರಿದದ್ದು! ತಿಂಗಳುಗಟ್ಟಲೆ ನಾನೇ ಅದನ್ನು ಬರೆದಿದ್ದೆ.

ಮನೆಗೆ ಬಂದು, “ಅತ್ಯಾ, ಸರಕಾರದ ಪುಸ್ತಕದಾಗ ನಿನ್ನೆ ಮಳೀನ ಬಂದಿಲ್ಲ, ಇವತ್ತು ಬಂದದ” ಎಂದೆ.

“ಹೌದೇನಪಾ? ಹಂಗಾರ ನಿನ್ನ ಸರಕಾರಕ್ಕ ಹೇಳು, ನನ್ನ ಹಾಸಿಗಿ ನಿನ್ನೇನ ತೊಯ್ದದ.”

ಅದೇ ಸಂಜೆ ಕಾಲೇಜಿನಿಂದ ಕಾರ್ಡು ಬಂತು: ಪದವಿ ಪತ್ರ ಬಂದಿದೆ, ಒಯ್ಯಿರಿ. ಅದಕ್ಕೆ ಎಷ್ಟು ವರ್ಷ ಕಾದಿದ್ದೆ! ಆದರೆ ಈ ಮಳೆಯಾದ ಮೇಲೆ ಯಾವ ಮುಖದಿಂದ ಅದನ್ನು ಅತ್ತೆಯ ಮುಂದೆ ಹಿಡಿಯಲಿ?

ಶನಿವಾರ ಹೋಗಿ ಪದವಿ ಪತ್ರ ತಂದೆ. ಅತ್ತೆ ಹಿತ್ತಿಲಲ್ಲಿ ಹಾಸಿಗೆಯನ್ನು ಬಡಿಗೆಯಿಂದ ಬಡಿಯುತ್ತಿದ್ದಳು. ಸುರುಳಿ ಬಿಚ್ಚಿ ಕೈಗೆ ಕೊಟ್ಟೆ. ಅವಳಿಗೆ ಓದು ಬಾರದು. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ಬೆಳಕಿಗೆ ತಿರುವಿ ನೋಡಿದಳು, ಮೊಹರಿನ ಮೇಲೆ ಬೆರಳಾಡಿಸಿದಳು.

“ಇದಕ್ಕ ಮೂರು ಸಲ ಕೂತಿ. ಮಳಿ ಪರೀಕ್ಷಾಕ್ಕ ಇದು ಮೊದಲನೇ ಸಲ ಅಲ್ಲೇನು?” ಎಂದಳು. “ಮತ್ತ ಅಕ್ಕಿ ನೆನಿ ಹಾಕತೀನಿ. ದಿನ ಹೇಳು.”