ಜಾರಿದ ಸಾಣೆಕಲ್ಲು

ಇವತ್ತು ನನ್ನ ಹೆಂಡತಿ ಸಾಣೆಕಲ್ಲಿಗೆ ನೀರು ಚಿಮುಕಿಸಿ ಚಾಕು ಮಸೆಯುತ್ತಿದ್ದಳು. ಒದ್ದೆ ಕಲ್ಲು, ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಜ್ಜಂಪುರದ ನಮ್ಮ ಹಳೇ ಅಡುಗೆಮನೆಯಲ್ಲಿದ್ದೆ.

ಅವ್ವ ಹೀಗೇ ಕೂತು ಮಸೆಯುತ್ತಿದ್ದಳು. ಸಾರಿಗೆ ಉಪ್ಪು ಕಮ್ಮಿಯಾದರೂ ಅಪ್ಪ ಅವಳನ್ನು ಬಡಿಯುತ್ತಿದ್ದ, ಜಾಸ್ತಿಯಾದರೂ ಬಡಿಯುತ್ತಿದ್ದ. ಸರಿಯಾಗಿದ್ದ ದಿನ ನೆಪ ಹುಡುಕಲು ಪಾಪ, ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಅವತ್ತು ಬಂದವನೇ ಅವ್ವನ ತುರುಬು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಹಣೆಯಿಂದ ರಕ್ತ ಇಳಿಯಿತು.

"ಕೊಡೇ ಆ ಚಾಕು, ಇವತ್ತು ನಿನ್ನ ಕುಯ್ದೇ ಬಿಡ್ತೀನಿ!"

ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದಂತೆ.

"ಕೈಗೆ ಕೊಟ್ರೆ ಜಗಳ ಆಗುತ್ತೆ ಕಣ್ರೀ. ಕೆಳಗಿಡ್ತೀನಿ, ತಗಳ್ರಿ," ಅಂದಳು ಅವ್ವ.

ಅಪ್ಪ ತೆಗೆದುಕೊಳ್ಳಲು ಬಗ್ಗಿದ. ಅವ್ವ ಸಾಣೆಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅವನ ಬೆರಳುಗಳ ಮೇಲೆ ಕುಕ್ಕಿದಳು. ಲಟಲಟ ಮುರಿದ ಸದ್ದು ಬಾಗಿಲ ಹಿಂದಿದ್ದ ನನಗೂ ಕೇಳಿಸಿತು.

ಅಪ್ಪನ ಕೂಗಿಗೆ ಅಕ್ಕಪಕ್ಕದವರು ಓಡಿ ಬಂದರು. ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, ಅಪ್ಪನ ಹೆತ್ತ ತಾಯಿ, ತಲೆ ಕೂಡ ಎತ್ತದೆ ಹೇಳಿದಳು:

"ನೀರು ಹಾಕಿದ್ ಕಲ್ಲು ಕಣ್ರಪ್ಪಾ, ಜಾರ್ತು."

ಅಪ್ಪ ಸಾಯುವವರೆಗೂ ಅವನ ಆ ಕೈ ಮುಷ್ಟಿ ಕಟ್ಟಲಿಲ್ಲ.

"ಏನ್ರೀ, ಕಂಬದ ಥರ ನಿಂತ್ಬಿಟ್ರಿ? ತಗಳ್ರಿ, ಈರುಳ್ಳಿ ಹೆಚ್ಚಿ," ಎಂದು ಹೆಂಡತಿ ಚಾಕುವನ್ನು ನೆಲದ ಮೇಲಿಟ್ಟಳು.

"ತಗತೀನಿ ಇರೇ," ಅಂದೆ. "ಮೊದ್ಲು ಆ ಕಲ್ಲು ಅತ್ಲಾಗಿಡು."